ಪತಿ ಬಂದು ಐದು ವಾರವಾಗಿಲ್ಲ, ವರದಿಯಲ್ಲಿ ಆರು ವಾರದ ಗರ್ಭ

ಪ್ರಶ್ನೆ: ನಾವು ಗದಗ ಜಿಲ್ಲೆಯವರು, ಈಗ ವಾಸ್ಕೋದಲ್ಲಿದ್ದೇವೆ. ನನಗೆ 26 ವರ್ಷ. ಸರಕು ಹಡಗಿನಲ್ಲಿ ಕೆಲಸ ಮಾಡುವ ಪತಿ ಏಳು ತಿಂಗಳ ನಂತರ ಜೂನ್ 12ರಂದು ಮನೆಗೆ ಬಂದರು. ಜುಲೈ 15ರ ಸೋನೋಗ್ರಫಿ ವರದಿಯಲ್ಲಿ ‘6 ವಾರ 2 ದಿನ’ ಎಂದಿದೆ. ಅದನ್ನು ಓದಿದ ನಾದಿನಿ ಬೆರಳೆಣಿಸಿ, ಅತ್ತೆಯವರ ಮುಂದೆ ಸಂಶಯದ ಮಾತಾಡಿದ್ದಾರೆ. ಬಂದ ತಿಂಗಳಲ್ಲೇ ಗರ್ಭ ನಿಲ್ಲುವುದುಂಟೇ ಎಂದೂ ಕೇಳುತ್ತಿದ್ದಾರೆ. ಪತಿ ಏನೂ ಹೇಳುವುದಿಲ್ಲ, ಆದರೆ ಮೊದಲಿನಂತಿಲ್ಲ. ನನಗೆ ಕೊನೆಯ ಸಲ ಮುಟ್ಟಾದದ್ದು ಜೂನ್ 1ರಂದು. ವರದಿ ತಪ್ಪಾಗಿದೆಯೇ?
– ಹೆಸರು ಬೇಡ, ವಾಸ್ಕೋ

ಉತ್ತರ: ವರದಿ ಸರಿಯಾಗಿಯೇ ಇದೆ; ನೀವು ಬರೆದಿರುವ ದಿನಾಂಕಗಳಿಗೆ ಅದು ಚೆನ್ನಾಗಿ ಹೊಂದುತ್ತದೆ. ಕೊಂಕಣಿಯಲ್ಲಿ ತಾರ್ವಟಿ ಎನ್ನುವ ಹಡಗಿನ ನೌಕರರ ಮನೆಗಳಲ್ಲಿ ಬಂದ ದಿನ, ಹೋದ ದಿನ ಎಲ್ಲರಿಗೂ ಕಂಠಪಾಠವಾಗಿರುವುದರಿಂದ ಈ ಗೊಂದಲ ಅಲ್ಲಿ ಬೇಗ ಹುಟ್ಟುತ್ತದೆ.

ವೈದ್ಯರು ಗರ್ಭದ ವಾರಗಳನ್ನು ಎಣಿಸುವುದು ದಂಪತಿ ಕೂಡಿದ ದಿನದಿಂದಲ್ಲ, ಕೊನೆಯ ಮುಟ್ಟಿನ ಮೊದಲ ದಿನದಿಂದ. ಅಂಡಾಣು ಹೊರಬಂದ ದಿನ ಯಾರ ಕಣ್ಣಿಗೂ ಬೀಳುವುದಿಲ್ಲ, ಮುಟ್ಟಾದ ದಿನವಾದರೆ ಹೆಣ್ಣುಮಗಳಿಗೆ ನೆನಪಿರುತ್ತದೆ. ಹೀಗಾಗಿ ಮೊದಲ ಸುಮಾರು ಎರಡು ವಾರ ಹೊಟ್ಟೆಯಲ್ಲಿ ಗರ್ಭವೇ ಇಲ್ಲದಿದ್ದರೂ ಆ ದಿನಗಳು ಲೆಕ್ಕಕ್ಕೆ ಸೇರುತ್ತವೆ. ಜೂನ್ 1ರಿಂದ ಜುಲೈ 15ಕ್ಕೆ 44 ದಿನ, ಅಂದರೆ 6 ವಾರ 2 ದಿನ. ಅದರಲ್ಲಿ ಎರಡು ವಾರ ಕಳೆದರೆ ಉಳಿಯುವುದು 30 ದಿನ. ನಿಮ್ಮ ಪತಿ ಮನೆಗೆ ಬಂದು ಅಂದಿಗೆ 33 ದಿನವಾಗಿತ್ತು.

ಸೋನೋಗ್ರಫಿ ಯಂತ್ರ ಅಳೆಯುವುದು ಭ್ರೂಣದ ಉದ್ದವನ್ನು ಮಾತ್ರ. ವರದಿಯಲ್ಲಿ ಸಿಆರ್‌ಎಲ್ ಎಂದಿರುವುದು ಅದೇ. ಈ ಹಂತದಲ್ಲಿ ಅದು ಐದಾರು ಮಿಲಿಮೀಟರ್, ಹೆಚ್ಚುಕಡಿಮೆ ಒಂದು ತೊಗರಿ ಕಾಳಿನಷ್ಟು. ಆ ಉದ್ದವನ್ನು ವಾರಗಳಿಗೆ ಪರಿವರ್ತಿಸುವ ಕೋಷ್ಟಕದಲ್ಲಿಯೂ ಮೇಲಿನ ಎರಡು ವಾರ ಮೊದಲೇ ಸೇರಿರುತ್ತವೆ. ಕೆಲವು ದಿನಗಳ ವ್ಯತ್ಯಾಸ ಬಂದರೂ ಅದು ಸಹಜ.

ಅತ್ತೆಯವರಿಗೆ ವಿವರಿಸುವುದು ಬಹುಶಃ ಸುಲಭ. ಹಿರಿಯರು ಹೇಳುವ ‘ಒಂಬತ್ತು ತಿಂಗಳು ಒಂಬತ್ತು ದಿನ’ ವೈದ್ಯರ ಲೆಕ್ಕಕ್ಕೆ ಬಹಳ ಹತ್ತಿರವಿದೆ: ಕೊನೆಯ ಮುಟ್ಟಿನಿಂದ 280 ದಿನ, ಅಂದರೆ ಒಂಬತ್ತು ತಿಂಗಳು ಏಳು ದಿನ. ಆ ಪ್ರಕಾರ ನಿಮ್ಮ ಹೆರಿಗೆಯ ಅಂದಾಜು ದಿನ ಮಾರ್ಚ್ 8.

ಕೂಡಿದ ದಿನವೇ ಗರ್ಭ ಕಟ್ಟುತ್ತದೆ ಎಂಬುದು ಮತ್ತೊಂದು ತಪ್ಪು ಕಲ್ಪನೆ. ಹೊರಬಂದ ಅಂಡಾಣು ಬದುಕುವುದು 12ರಿಂದ 24 ಗಂಟೆ. ವೀರ್ಯಾಣುವಾದರೆ ಹೆಣ್ಣಿನ ದೇಹದೊಳಗೆ ಐದು ದಿನಗಳವರೆಗೂ ಜೀವ ಹಿಡಿದಿರಬಲ್ಲದು, ಆದ್ದರಿಂದ 12ರಂದು ಕೂಡಿದರೂ 14 ಅಥವಾ 15ರಂದು ಗರ್ಭ ಕಟ್ಟಬಹುದು. ಎಲ್ಲರಿಗೂ ಹದಿನಾಲ್ಕನೆಯ ದಿನವೇ ಅಂಡಾಣು ಬರುತ್ತದೆ ಎಂದೂ ತಿಳಿಯಬೇಡಿ. ಅದು ಬರುವುದು ಮುಂದಿನ ಮುಟ್ಟಿಗೆ ಸುಮಾರು 14 ದಿನ ಮೊದಲು. 35 ದಿನಕ್ಕೊಮ್ಮೆ ಮುಟ್ಟಾಗುವವರಲ್ಲಿ ಅದು ಇಪ್ಪತ್ತೊಂದನೆಯ ದಿನದ ಆಸುಪಾಸಿನಲ್ಲಿ ಬೀಳುತ್ತದೆ.

ಬಂದ ತಿಂಗಳಲ್ಲೇ ಗರ್ಭ ನಿಲ್ಲದು ಎಂಬ ಮಾತಿಗೆ ಆಧಾರವಿಲ್ಲ. ನಿಮ್ಮ ವಯಸ್ಸಿನ ಆರೋಗ್ಯವಂತ ದಂಪತಿಗೆ ಪ್ರತಿ ತಿಂಗಳು ನಾಲ್ಕೈದರಲ್ಲಿ ಒಂದರಷ್ಟು ಸಾಧ್ಯತೆಯಿರುತ್ತದೆ, ಮೊದಲ ತಿಂಗಳೂ ಅದರಲ್ಲಿ ಒಂದು.

ಇದನ್ನೆಲ್ಲ ಮನೆಯವರಿಗೆ ಒಪ್ಪಿಸುವ ಹೊಣೆ ನಿಮ್ಮೊಬ್ಬರ ಮೇಲೆಯೇ ಬೀಳುವುದು ನ್ಯಾಯವಲ್ಲ. ಮುಂದಿನ ತಪಾಸಣೆಗೆ ಪತಿಯನ್ನು ಜೊತೆಗೆ ಕರೆದೊಯ್ದು, ಕ್ಯಾಲೆಂಡರ್ ಮುಂದಿಟ್ಟು ವಿವರಿಸುವಂತೆ ನಿಮ್ಮ ವೈದ್ಯರನ್ನು ಕೇಳಿ. ಈ ಬೇಸರದಲ್ಲಿ ಫೋಲಿಕ್ ಆಮ್ಲದ ಮಾತ್ರೆಯನ್ನೂ ಊಟವನ್ನೂ ತಪ್ಪಿಸಬೇಡಿ. ವರದಿಯ ಮೇಲ್ಭಾಗದಲ್ಲಿ ಸಾಮಾನ್ಯವಾಗಿ ಎಲ್‌ಎಂಪಿ ಎಂಬುದರ ಎದುರು ಕೊನೆಯ ಮುಟ್ಟಿನ ದಿನಾಂಕ ಬರೆದಿರುತ್ತದೆ. ಇಂದು ರಾತ್ರಿ ಪತಿಗೆ ಮೊದಲು ಆ ಸಾಲನ್ನು ತೋರಿಸಿ.