ಮೊಮ್ಮಗಳು ನರ್ಸ್ ಆದರೆ ತಲೆ ತಗ್ಗಿಸಬೇಕಾ ಮೇಷ್ಟ್ರೇ?

ಹೊಸನಗರ ತಾಲ್ಲೂಕಿನಿಂದ ನಿವೃತ್ತ ಮೇಷ್ಟ್ರೊಬ್ಬರು ನಾಲ್ಕು ಪುಟದ ಪತ್ರ ಬರೆದಿದ್ದಾರೆ. ಹೆಸರು ಹಾಕಬೇಡಿ ಎಂದಿದ್ದಾರೆ, ಹಾಕುವುದಿಲ್ಲ. ಅವರ ಊರಿನ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಕಾಯಂ ಡಾಕ್ಟರಿಲ್ಲ. ಕಡ್ಡಾಯ ಸೇವೆಗೆ ಬರುವ ಹುಡುಗರು ವರ್ಷ ತುಂಬುತ್ತಲೇ ಗಂಟುಮೂಟೆ ಕಟ್ಟುತ್ತಾರೆ. 'ಐದು ವರ್ಷ ಹಳ್ಳಿಯಲ್ಲಿ ದುಡಿಯುವ ತನಕ ಇವರ ಸರ್ಟಿಫಿಕೇಟನ್ನೇ ಕೊಡಬಾರದು, ನಿಮ್ಮ ಪತ್ರಿಕೆ ಯಾಕೆ ಸುಮ್ಮನಿದೆ?' ಎಂದು ಗದರಿದ್ದಾರೆ. ಕೊನೆಗೆ, ಪತ್ರಕ್ಕೆ ಸಂಬಂಧವೇ ಇಲ್ಲ ಎನ್ನುವ ಹಾಗೆ, ಎರಡು ಸಾಲು ಸೇರಿಸಿದ್ದಾರೆ: 'ಮೊಮ್ಮಗಳಿಗೆ ಮೆಡಿಕಲ್ ಸಿಗಲಿಲ್ಲ. ಬಿಎಸ್ಸಿ ನರ್ಸಿಂಗ್ ಸೇರುತ್ತೇನೆ ಅಂತಾಳೆ, ನಾಲ್ಕು ಜನರಿಗೆ ಹೇಳಿಕೊಳ್ಳುವ ಹಾಗಿಲ್ಲ.'

ಮೇಷ್ಟ್ರೇ, ನಾಲ್ಕು ಪುಟಕ್ಕಿಂತ ಆ ಎರಡು ಸಾಲೇ ನನ್ನನ್ನು ಹಿಡಿದು ಕೂರಿಸಿತು.

ನಿಮ್ಮ ಕೋಪ ಸುಳ್ಳಲ್ಲ. ಹೆರಿಗೆ ಕಷ್ಟವಾದಾಗ ಸಿಸೇರಿಯನ್ ಮಾಡಲು ಡಾಕ್ಟರೇ ಬೇಕು, ಅರಿವಳಿಕೆ ಕೊಡಲು ಇನ್ನೊಬ್ಬರು ಬೇಕು. ಹಾವು ಕಚ್ಚಿದವರನ್ನು ಶಿವಮೊಗ್ಗದವರೆಗೆ ಹೊತ್ತೊಯ್ಯುವಷ್ಟು ಹೊತ್ತು ವಿಷ ಕಾಯುವುದಿಲ್ಲ. ಸರ್ಕಾರದ ದುಡ್ಡಲ್ಲಿ ಓದಿದವರು ಸ್ವಲ್ಪ ದಿನ ಹಳ್ಳಿಯ ಋಣ ತೀರಿಸಲಿ ಎನ್ನುವುದೂ ನ್ಯಾಯವೇ. ಆದರೆ ನಮ್ಮ ರಾಜ್ಯದ 2012ರ ಕಡ್ಡಾಯ ಸೇವೆ ಕಾಯ್ದೆ ಇದನ್ನೇ ಹೇಳಿತ್ತು, ಅಲ್ವಾ? ಒಂದು ವರ್ಷ ಕಡ್ಡಾಯ, ತಪ್ಪಿದರೆ ಲಕ್ಷಗಟ್ಟಲೆ ದಂಡ. ಹುಡುಗರು ಕೋರ್ಟಿಗೆ ಹೋದರು. 2023ರಲ್ಲಿ ತಿದ್ದುಪಡಿಯಾಗಿ, ಖಾಲಿ ಹುದ್ದೆ ಇದ್ದಷ್ಟು ಜನರಿಗೆ ಮಾತ್ರ ಎಂದಾಯಿತು. ಬಂದವರಾದರೂ ಏನು ಮಾಡುತ್ತಾರೆ? ಒಂದು ಕಣ್ಣು ರೋಗಿಯ ಮೇಲೆ, ಇನ್ನೊಂದು ಕಣ್ಣು ಪಿಜಿ ನೀಟ್, ಅಂದರೆ ಮುಂದಿನ ಓದಿನ ಪ್ರವೇಶ ಪರೀಕ್ಷೆಯ ಪುಸ್ತಕದ ಮೇಲೆ. ಅವರನ್ನು ಬೈದು ಏನು ಬಂತು? ನೀವು ಐದು ವರ್ಷ ಮಾಡಿದರೆ ಐದು ವರ್ಷ ಓದುತ್ತಾರೆ, ಅಷ್ಟೆ.

ಕಟ್ಟಿಹಾಕಿದ ಡಾಕ್ಟರಿಗಿಂತ ಊರಿನಲ್ಲೇ ಬೆಳೆದ ನರ್ಸು ದೊಡ್ಡ ಆಸ್ತಿ. ಇದು ನನ್ನ ಹಳೇ ಹಟ, ಈ ಪತ್ರಿಕೆ ಓದುವವರಿಗೆಲ್ಲ ಗೊತ್ತು. ಇವತ್ತು ಮತ್ತೆ ಶುರು ಮಾಡಿದ್ದಕ್ಕೆ ನೀವೇ ಕಾರಣ.

ಒಂದು ಗುರುವಾರ, ಅಂದರೆ ಚುಚ್ಚುಮದ್ದಿನ ದಿನ, ಒಂದು ಉಪಕೇಂದ್ರದ ಜಗಲಿಯಲ್ಲಿ ಕೂತಿದ್ದೆ. ಸಿಸ್ಟರ್ ನೀಲಿ ಡಬ್ಬಿ ತೆರೆದು ಪೋಲಿಯೋ ಬಾಟಲಿ ತೆಗೆದರು. ಲೇಬಲ್ ಮೇಲೆ ಒಂದು ದುಂಡನೆ ಗುರುತು, ಅದರೊಳಗೆ ಪುಟ್ಟ ಚೌಕ. ಚೌಕ ಬೆಳ್ಳಗಿದ್ದರೆ ಔಷಧ ಸರಿ ಇದೆ, ಬಿಸಿ ತಾಗಿ ಸುತ್ತಲಿನ ಬಣ್ಣಕ್ಕೇ ತಿರುಗಿದ್ದರೆ ಎಸೆಯಬೇಕು. ಬಾಟಲಿಯನ್ನು ಬೆಳಕಿಗೆ ಹಿಡಿದು ನೋಡಿ, ನನಗೂ ತೋರಿಸಿ, ಆಮೇಲೆ ಮಗುವಿನ ಬಾಯಿಗೆ ಹನಿ ಬಿಟ್ಟರು. ಅಷ್ಟರಲ್ಲಿ ಒಬ್ಬ ಬಸುರಿ ಬಂದಳು. ತಾಯಿ ಕಾರ್ಡ್ ನೋಡಿದವರೇ, 'ಕಬ್ಬಿಣದ ಮಾತ್ರೆ ನುಂಗ್ತಿಲ್ಲ ನೀನು, ಅಕ್ಕಿ ಡಬ್ಬೀಲಿ ಹಾಕಿಡ್ತೀಯ' ಅಂದರು. ಹುಡುಗಿ ನಕ್ಕುಬಿಟ್ಟಳು. ಅವಳ ಅತ್ತೆಯೂ ಹಾಗೇ ಮಾಡಿದ್ದಳಂತೆ, ಆ ಅತ್ತೆಯ ಹೆರಿಗೆ ನೋಡಿಕೊಂಡದ್ದೂ ಈ ಸಿಸ್ಟರೇ. ಈ ಅಕ್ಕಿ ಡಬ್ಬಿಯ ಸಂಗತಿ ಯಾವ ಮೆಡಿಕಲ್ ಕಾಲೇಜಲ್ಲಿ ಹೇಳಿಕೊಡುತ್ತಾರೆ ಹೇಳಿ?

ಇದು ಬರೀ ನನ್ನ ಅಭಿಮಾನದ ಮಾತಲ್ಲ. ಮಹಾರಾಷ್ಟ್ರದ ಗಡಚಿರೋಲಿ ಕಾಡು ಜಿಲ್ಲೆ. ಅಲ್ಲಿ ಅಭಯ್ ಬಂಗ್, ರಾಣಿ ಬಂಗ್ ಎಂಬ ಡಾಕ್ಟರ್ ದಂಪತಿ ಹಳ್ಳಿಯ ಹೆಂಗಸರಿಗೇ ತರಬೇತಿ ಕೊಟ್ಟರು. ದೊಡ್ಡ ಓದು ಓದಿದವರಲ್ಲ. ಮನೆಮನೆಗೆ ಹೋಗಿ ಹಸುಗೂಸಿನ ಉಸಿರು ಎಣಿಸುವುದು, ತೂಕ ನೋಡುವುದು, ಸೋಂಕು ಅನಿಸಿದರೆ ಇಂಜೆಕ್ಷನ್ ಕೊಡುವುದು, ಎಲ್ಲ ಅವರೇ. ಮೂರನೇ ವರ್ಷದ ಹೊತ್ತಿಗೆ ಆ ಹಳ್ಳಿಗಳಲ್ಲಿ ನವಜಾತ ಶಿಶುಗಳ ಸಾವು ಶೇ. 62ರಷ್ಟು ಇಳಿದಿತ್ತು. 1999ರಲ್ಲಿ ಲ್ಯಾನ್ಸೆಟ್ ಎಂಬ ವೈದ್ಯಕೀಯ ಪತ್ರಿಕೆ ಅದನ್ನು ಅಚ್ಚು ಹಾಕಿತು. ಆಶಾ ಕಾರ್ಯಕರ್ತೆಯರು ಇವತ್ತು ಬಾಣಂತಿಯರ ಮನೆಗೆ ಹೋಗಿ ಮಗು ನೋಡುತ್ತಾರಲ್ಲ, ಅದರ ಬೇರು ಅಲ್ಲಿದೆ.

ನಮ್ಮಲ್ಲೇ ನೋಡಿ. ಬಿಳಿಗಿರಿರಂಗನ ಬೆಟ್ಟಕ್ಕೆ ಡಾ. ಎಚ್. ಸುದರ್ಶನ್ ಹೋಗಿ ಕೂತರು. 1981ರಲ್ಲಿ ವಿವೇಕಾನಂದ ಗಿರಿಜನ ಕಲ್ಯಾಣ ಕೇಂದ್ರ ಶುರುವಾಯಿತು. ಎಲ್ಲರೂ ಡಾಕ್ಟರ ತ್ಯಾಗವನ್ನು ಹೊಗಳುತ್ತಾರೆ, ಹೊಗಳಲಿ. ನನಗೆ ಅದಕ್ಕಿಂತ ದೊಡ್ಡದಾಗಿ ಕಾಣುವುದು ಆ ಬೆಟ್ಟದ ಬುಡಕಟ್ಟಿನವರಾದ ಸೋಲಿಗರ ಹುಡುಗಿಯರಿಗೇ ಅಲ್ಲಿ ನರ್ಸಿಂಗ್ ತರಬೇತಿ ಸಿಕ್ಕಿದ್ದು. ಪೋಡಿನಲ್ಲಿ, ಅಂದರೆ ಸೋಲಿಗರ ಹಾಡಿಯಲ್ಲಿ ಹುಟ್ಟಿದವಳಿಗೆ ಆನೆ ಯಾವಾಗ ಬರುತ್ತದೆ ಎಂದು ಗೊತ್ತು, ಅಜ್ಜಿ ಯಾವ ಬೇರು ಅರೆದು ಕೊಡುತ್ತಾಳೆ ಎಂದೂ ಗೊತ್ತು. ಅವಳು ವರ್ಗಾವಣೆಗೆ ಅರ್ಜಿ ಹಾಕಿ ಎಲ್ಲಿಗೆ ಹೋಗಬೇಕು?

ಪಾವಗಡದ ಸೂಲಗಿತ್ತಿ ನರಸಮ್ಮನವರನ್ನು ನೆನೆಸದೆ ಈ ಮಾತು ಮುಗಿಯುವುದಿಲ್ಲ. ಓದು ಬರಹ ಇಲ್ಲದ ಆ ತಾಯಿ ಮಾಡಿಸಿದ ಹೆರಿಗೆ 15,000ಕ್ಕೂ ಜಾಸ್ತಿ. 2018ರಲ್ಲಿ ಪದ್ಮಶ್ರೀ ಕೊಟ್ಟರು, ಅದೇ ಡಿಸೆಂಬರಿನಲ್ಲಿ ತೀರಿಕೊಂಡರು. ನಾವು ಫೋಟೋ ಹಾಕಿ ಕೈ ಮುಗಿದೆವು. ಅದೇ ಕೆಲಸವನ್ನು ಕಲಿತು ಮಾಡುತ್ತೇನೆ ಎಂದು ಮನೆಯ ಹುಡುಗಿ ಹೇಳಿದರೆ ಮಾತ್ರ ನಾಲ್ಕು ಜನಕ್ಕೆ ಹೇಳಲು ನಾಚಿಕೆ!

ಈ ರೋಗ ನಿಮ್ಮೊಬ್ಬರದಲ್ಲ ಬಿಡಿ. ಹಿಂದೆ ಹಳೇ ಮೈಸೂರಿನ ಊರುಗಳಲ್ಲಿ ಎಲ್‌ಎಂಪಿ ಎಂಬ ಸಣ್ಣ ಕೋರ್ಸ್ ಮಾಡಿದ ಡಾಕ್ಟ್ರು ಇರುತ್ತಿದ್ದರು. ಕಡಿಮೆ ವರ್ಷದ ಓದು, ಊರಲ್ಲೇ ಬಿಡಾರ. ಆರೋಗ್ಯ ವ್ಯವಸ್ಥೆ ಹೇಗಿರಬೇಕೆಂದು ಹೇಳಲು ಸರ್ಕಾರ ನೇಮಿಸಿದ್ದ ಭೋರ್ ಸಮಿತಿ 1946ರಲ್ಲಿ, ದೇಶಕ್ಕೆ ಒಂದೇ ಬಗೆಯ ಡಾಕ್ಟರ್ ಸಾಕು ಅಂದಿತು, ಆ ಓದು ನಿಂತಿತು. ಪ್ರಾಥಮಿಕ ಆರೋಗ್ಯ ಕೇಂದ್ರ ಎಂಬ ಒಳ್ಳೆಯ ಯೋಚನೆ ಕೊಟ್ಟಿದ್ದೂ ಅದೇ ಸಮಿತಿ, ಅಲ್ಲಿ ಕೂರಬೇಕಾದವರನ್ನು ಕಳೆದಿದ್ದೂ ಅದೇ ಸಮಿತಿ. ಛತ್ತೀಸಗಢ 2001ರಲ್ಲಿ ಹಳ್ಳಿಯ ಚಿಕಿತ್ಸೆಗೆಂದೇ ಮೂರು ವರ್ಷದ ಕೋರ್ಸ್ ತಂದಾಗ ಡಾಕ್ಟರುಗಳ ಸಂಘ ಹಾರಾಡಿತು, ಕೆಲವೇ ವರ್ಷಕ್ಕೆ ಕೋರ್ಸೂ ಮುಚ್ಚಿತು. ಅಲ್ಲಿ ಓದಿ ಬಂದವರನ್ನು ಆಮೇಲೆ ಪರೀಕ್ಷಿಸಿ ನೋಡಿದರೆ, ಸಾಮಾನ್ಯ ಕಾಯಿಲೆಗಳಲ್ಲಿ ಎಂಬಿಬಿಎಸ್ ಓದಿದವರಿಗೆ ಸಮನಾಗಿಯೇ ಇದ್ದರು!

ನಿಮ್ಮ ಸೀಮೆಯದೇ ಮಾತಿಗೆ ಬರುತ್ತೇನೆ. ಮಂಗನ ಕಾಯಿಲೆ ಮೊದಲು ಗುರುತಾಗಿದ್ದು 1957ರಲ್ಲಿ, ನಿಮ್ಮ ಜಿಲ್ಲೆಯ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ. ಅದಕ್ಕೆ ಇವತ್ತಿಗೂ ನೇರ ಮದ್ದಿಲ್ಲ. ಕಾಡಲ್ಲಿ ಮಂಗ ಸತ್ತರೆ ತಕ್ಷಣ ತಿಳಿಸಬೇಕು. ತರಗೆಲೆಗೆ ಹೋಗುವವರು ಉಣ್ಣೆ ಕಚ್ಚದಂತೆ ಎಣ್ಣೆ ಹಚ್ಚಿಕೊಂಡರಾ ಎಂದು ಕೇಳಬೇಕು. ಜ್ವರ ಬಂದ ಮನೆಯಿಂದ ರಕ್ತದ ಮಾದರಿ ಕಳಿಸಬೇಕು. ಇದನ್ನೆಲ್ಲ ಕಾಡುದಾರಿಯಲ್ಲಿ ನಡೆದು ಮಾಡುವುದು ಯಾರು? ಆಶಾ, ಆರೋಗ್ಯ ಸಹಾಯಕಿ, ಗುತ್ತಿಗೆಯ ಹುಡುಗರು. ಅದೇ ಆಶಾಗಳು 2025ರ ಜನವರಿಯ ಚಳಿಯಲ್ಲಿ ಬೆಂಗಳೂರಿನ ಫ್ರೀಡಂ ಪಾರ್ಕಿನಲ್ಲಿ ಹಗಲೂ ರಾತ್ರಿ ಕೂತರು. ಕೇಳಿದ್ದು ತಿಂಗಳಿಗೆ ಹದಿನೈದು ಸಾವಿರ, ಸಿಕ್ಕಿದ್ದು ಹತ್ತು ಸಾವಿರದ ಭರವಸೆ. ನಗರದಲ್ಲಿ ಮನೆ ಗುಡಿಸುವ ಎಷ್ಟೋ ಜನರಿಗೂ ಈಗ ಅದಕ್ಕಿಂತ ಜಾಸ್ತಿ ಸಿಗುತ್ತದೆ. ಸರ್ಟಿಫಿಕೇಟು ತಡೆಹಿಡಿಯಿರಿ ಎಂದು ನಮಗೆ ಬರುವ ಪತ್ರಗಳು ರಾಶಿ. ಆಶಾಗಳ ಸಂಬಳದ ಬಗ್ಗೆ ಒಂದೂ ಬರಲಿಲ್ಲ.

ಮೆಡಿಕಲ್ ಸೀಟಿನ ಮೀಸಲಾತಿ ಕಥೆಯೂ ಹಾಗೇ. ಹತ್ತನೇ ಕ್ಲಾಸಿನ ತನಕ ಹಳ್ಳಿಯಲ್ಲಿ ಓದಿದವರಿಗೆ ನಮ್ಮ ರಾಜ್ಯದಲ್ಲಿ ಶೇ. 15 ಸೀಟು, ಕನ್ನಡ ಮಾಧ್ಯಮದವರಿಗೆ ಶೇ. 5. ಹಳ್ಳಿಯ ಹೆಸರಲ್ಲಿ ಸೀಟು ಕೊಡುತ್ತೇವೆ, ಓದಿದ ಮೇಲೆ ನಿನ್ನ ತಾಲ್ಲೂಕಿನಲ್ಲೇ ಒಂದು ಕೆಲಸ ಇಟ್ಟಿದ್ದೇವೆ ಬಾ ಎಂದು ಕರೆಯುವವರಿಲ್ಲ. ಹಳ್ಳಿಯಿಂದ ಬಂದ ಮಕ್ಕಳೇ ಹಳ್ಳಿಗೆ ಮರಳುವುದು ಜಾಸ್ತಿ, ಅವರನ್ನೇ ಆರಿಸಿ ಎಂದು ವಿಶ್ವ ಆರೋಗ್ಯ ಸಂಸ್ಥೆ 2010ರಲ್ಲೇ ಹೇಳಿತ್ತು.

ಈಗ ಮೊಮ್ಮಗಳ ವಿಷಯ. ಬಿಎಸ್ಸಿ ನರ್ಸಿಂಗ್ ನಾಲ್ಕು ವರ್ಷ. ಸಮುದಾಯ ಆರೋಗ್ಯದ ಆರು ತಿಂಗಳ ತರಬೇತಿಯೂ ಇದ್ದರೆ ಉಪಕೇಂದ್ರದಲ್ಲಿ ಸಮುದಾಯ ಆರೋಗ್ಯ ಅಧಿಕಾರಿ ಆಗಬಹುದು. ಬಿಪಿ, ಶುಗರ್ ನೋಡುವುದು, ಮಾತ್ರೆ ಕೊಡುವುದು, ದೊಡ್ಡ ಡಾಕ್ಟರ ಜೊತೆ ವಿಡಿಯೋದಲ್ಲಿ ಮಾತಾಡಿಸುವುದು ಅವಳದೇ ಜವಾಬ್ದಾರಿ. ಕೆಲಸ ಗುತ್ತಿಗೆಯದು, ಅದನ್ನು ಮುಚ್ಚಿಡುವುದಿಲ್ಲ. ಅದಕ್ಕೇ ಅರ್ಧ ಜನ ಕೊಲ್ಲಿಯ ವಿಮಾನ ಹತ್ತುವ ಯೋಚನೆಯಲ್ಲಿರುತ್ತಾರೆ.

ನಿಮ್ಮ ಪತ್ರದ ಪ್ರತಿಯನ್ನು ಮಂತ್ರಿಗಳಿಗೆ ಕಳಿಸುತ್ತೇವೆ, ನೀವು ಕೇಳಿದ್ದಿರಿ. ಆದರೆ ನೀವೂ ಒಂದು ಕೆಲಸ ಮಾಡಿ. ನಿಮ್ಮ ಆರೋಗ್ಯ ಕೇಂದ್ರಕ್ಕೆ ಆರೋಗ್ಯ ರಕ್ಷಾ ಸಮಿತಿ ಇರುತ್ತದೆ, ಅದರಲ್ಲಿ ಪಂಚಾಯಿತಿಯವರೂ ಇರುತ್ತಾರೆ, ಸಣ್ಣಪುಟ್ಟ ಖರ್ಚಿಗೆ ದುಡ್ಡೂ ಬರುತ್ತದೆ. ಮುಂದಿನ ಸಭೆಗೆ ಹೋಗಿ ಕೂತು ಮೂರು ಪ್ರಶ್ನೆ ಕೇಳಿ. ಸಿಸ್ಟರ್ ಕ್ವಾರ್ಟರ್ಸಿನ ಬಾಗಿಲಿಗೆ ಒಳಚಿಲಕ ಇದೆಯಾ? ನಲ್ಲಿಯಲ್ಲಿ ನೀರು ಬರುತ್ತಾ? ರಾತ್ರಿ ಹೆರಿಗೆಗೆ ಕರೆ ಬಂದರೆ ಅವರ ಜೊತೆ ಹೋಗುವವರು ಯಾರು? ಅವರು ಏನು ಹೇಳಿದರು ಎಂದು ಬರೆಯಿರಿ, ಮುಂದಿನ ಸಂಚಿಕೆಯಲ್ಲೇ ಹಾಕುತ್ತೇವೆ. ಈ ಸಲ ಎರಡು ಪುಟ ಸಾಕು ಮೇಷ್ಟ್ರೇ.

- ಸಂ.