ಟ್ಯಾಂಜಿಯರ್ ಟ್ರಿಪ್‌ಗೆ ಮೊದಲು ವೀಸಾ ಸ್ಟಿಕ್ಕರ್ ನೋಡಿ

ಉಡುಪಿಯಿಂದ ಸ್ಪೇನಿನ ಸೆವಿಲ್ಲೆಗೆ ಎಂಟು ವಾರದ ಸ್ಪ್ಯಾನಿಷ್ ಕೋರ್ಸಿಗೆ ಹೊರಟವರು, ಕ್ಲಾಸ್‌ಮೇಟ್‌ಗಳ ಜೊತೆ ವೀಕೆಂಡಿಗೆ ಮೊರಾಕ್ಕೊದ ಟ್ಯಾಂಜಿಯರ್‌ಗೆ ಹೋಗಬಹುದೇ ಎಂದು ಕೇಳಿದ್ದೀರಿ. ಸ್ಪೇನಿನ ತಾರೀಫಾ ಬಂದರಿನಿಂದ ಫೆರ್ರಿಯಲ್ಲಿ ಸುಮಾರು ಒಂದು ಗಂಟೆ ಅಷ್ಟೇ, ನಿಜ. ಆದರೆ ಇದು ಮಂಗಳೂರಿನಿಂದ ಕಾಸರಗೋಡಿಗೆ ಹೋಗಿಬಂದ ಹಾಗಲ್ಲ ಮಾರಾಯ್ರೇ!

ವೀಸಾ ಸ್ಟಿಕ್ಕರಿನಲ್ಲಿ ಎಂಟ್ರಿ ಸಂಖ್ಯೆ ‘01’ ಎಂದಿದ್ದರೆ, ಷೆಂಗೆನ್ (ಒಂದೇ ವೀಸಾದಲ್ಲಿ ಓಡಾಡಬಹುದಾದ ಯುರೋಪಿನ ದೇಶಗಳ ಗುಂಪು; ಸ್ಪೇನ್ ಅದರಲ್ಲಿದೆ, ಮೊರಾಕ್ಕೊ ಇಲ್ಲ) ಬಿಟ್ಟ ಕೂಡಲೇ ಆ ವೀಸಾದ ಕಥೆ ಮುಗಿಯಿತು. ದಿನಗಳು ಬಾಕಿ ಇದ್ದರೂ ಅದರ ಮೇಲೆ ವಾಪಸ್ ಸೇರಿಸುವುದಿಲ್ಲ. ‘ಮಲ್ಟ್’ (ಮಲ್ಟಿಪಲ್ ಎಂಟ್ರಿ, ಅಂದರೆ ಹಲವು ಸಲ ಪ್ರವೇಶ) ಎಂದಿದ್ದರೂ ಭಾರತೀಯ ಪಾಸ್‌ಪೋರ್ಟಿಗೆ ಮೊರಾಕ್ಕೊ ವೀಸಾ ಬೇರೆ ಬೇಕು. ಜರ್ಮನ್, ಅಮೆರಿಕನ್ ಸಹಪಾಠಿಗಳಿಗೆ ಬೇಡ, ಹಾಗಾಗಿ ಅವರಿಗೆ ಇದು ತಲೆಗೇ ಹೋಗುವುದಿಲ್ಲ. ಅರ್ಜಿ ಹಾಕುವಾಗಲೇ ಮಲ್ಟಿಪಲ್ ಎಂಟ್ರಿ ಕೇಳಿ.

ಪೋರ್ಚುಗಲ್‌ನ ಲಾಗೋಸ್ ಆದರೆ ತಲೆಬಿಸಿ ಇಲ್ಲ, ಅದೂ ಷೆಂಗೆನ್. ಅಸಲಿ ಪಾಸ್‌ಪೋರ್ಟ್ ಮಾತ್ರ ಕೈಯಲ್ಲಿರಲಿ, ಜೆರಾಕ್ಸ್ ಸಾಲದು. ಸ್ಪೇನಿನೊಳಗೇ ಇರುವ ಕೊರ್ಡೋಬಾಗಂತೂ ಸೆವಿಲ್ಲೆಯಿಂದ ವೇಗದ ರೈಲಿನಲ್ಲಿ ಮುಕ್ಕಾಲು ಗಂಟೆ.