ಓದದೆ ಬಿಟ್ಟದ್ದು ನೋಡುತ್ತಿರುತ್ತದೆ

ಕೆಲಸದ ಹೊಸತನ್ನೆಲ್ಲ ಓದಲೇಬೇಕು ಅಂತ ನಿದ್ದೆಗೆಡುವ ಕಷ್ಟ ಹೇಳಿಕೊಂಡು, ಆಪ್ತಸಲಹೆಗಾರ್ತಿಯಾದ ನನ್ನ ಬಳಿ ಬಂದವರಲ್ಲಿ ಇವರು ಮೊದಲಿನವರಲ್ಲ. ಇವರಿಗೆ ಕೊಟ್ಟ ಸಲಹೆಯನ್ನು ನನ್ನ ಸಹೋದ್ಯೋಗಿಯೊಬ್ಬರು ಒಪ್ಪಲಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ. ಗುರುತು ಸಿಗದಂತೆ ವಿವರ ಬದಲಿಸಿದ್ದೇನೆ.

ವೆಬ್ ಡೆವಲಪರ್. 11 ವರ್ಷದ ಅನುಭವ. ನಿದ್ದೆ ಬರುತ್ತಿಲ್ಲ ಅಂತ ಬಂದರು. ರಾತ್ರಿ ಎರಡರವರೆಗೂ ಕೈಯಲ್ಲಿ ಮೊಬೈಲು. ವೆಬ್ ತಂತ್ರಜ್ಞಾನದ ಪತ್ರಿಕೆಗಳು: ಸ್ಮ್ಯಾಶಿಂಗ್ ಮ್ಯಾಗಝೀನ್, ಸಿಎಸ್‌ಎಸ್-ಟ್ರಿಕ್ಸ್, ಜಾವಾಸ್ಕ್ರಿಪ್ಟ್ ವೀಕ್ಲಿ, ಜೊತೆಗೆ ಇನ್ನೂ ಇಪ್ಪತ್ತು ನ್ಯೂಸ್‌ಲೆಟರ್. ಓದುವುದಕ್ಕಿಂತ 'ಆಮೇಲೆ ಓದೋಣ' ಅಂತ ತೆಗೆದಿಡುವುದೇ ಜಾಸ್ತಿ.

"ಓದದೆ ಬಿಟ್ಟಿದ್ದೆಲ್ಲ ನನ್ನನ್ನೇ ನೋಡ್ತಾ ಇರುತ್ತೆ ಮೇಡಂ," ಅಂದರು ಮೂರನೇ ಭೇಟಿಯಲ್ಲಿ.

ಕಳೆದ ತಿಂಗಳು ಓದಿದ್ದರಲ್ಲಿ ಕೆಲಸಕ್ಕೆ ಬಂದದ್ದು ಯಾವುದು ಅಂತ ಕೇಳಿದೆ. ತುಂಬ ಹೊತ್ತು ಯೋಚಿಸಿದರು. ವೆಬ್ ಪುಟದ ಮೇಲೆ ಪುಟ್ಟ ಕಿಟಕಿ ತೆರೆಯುವ 'ಡೈಲಾಗ್' ಅನ್ನುವ ಎಲಿಮೆಂಟ್ ಬಳಸಿದ್ದರಂತೆ. ಎಲ್ಲಿ ಓದಿದಿರಿ ಅಂದೆ. "ಎಲ್ಲೂ ಇಲ್ಲ. ಬೇಕಾದಾಗ ವೆಬ್ ಕೈಪಿಡಿ ಎಂಡಿಎನ್‌ನಲ್ಲಿ ನೋಡ್ಕೊಂಡೆ. ಇಪ್ಪತ್ತು ನಿಮಿಷ." ಹೇಳಿ ತಾವೇ ನಕ್ಕರು.

ಆಮೇಲೆ ನನಗೆ ಪಾಠವೇ ಶುರುವಾಯಿತು. ಆ ಡೈಲಾಗ್ 2022ರ ಮಾರ್ಚ್‌ನಲ್ಲೇ ಕ್ರೋಮ್, ಎಡ್ಜ್, ಫೈರ್‌ಫಾಕ್ಸ್, ಸಫಾರಿ ನಾಲ್ಕೂ ಬ್ರೌಸರ್‌ಗಳಲ್ಲಿ ಸಿಗುವಂತಾಯಿತು. ಆದರೂ 'ಬೇಸ್‌ಲೈನ್' ಎಂಬ, ಯಾವ ಸೌಲಭ್ಯ ಯಾವ ಬ್ರೌಸರ್‌ಗಳಲ್ಲಿ ಸಿಗುತ್ತದೆ ಅಂತ ಗುರುತಿಸುವ ಲೆಕ್ಕದಲ್ಲಿ 30 ತಿಂಗಳು ಕಳೆದ ಮೇಲಷ್ಟೇ ಅದಕ್ಕೆ 'ಎಲ್ಲೆಡೆ ಲಭ್ಯ' ಎಂಬ ಗುರುತು ಸಿಕ್ಕಿತು.

"ಅಂದ್ರೆ ಲೆಕ್ಕ ಇಡೋರೇ ಎರಡೂವರೆ ವರ್ಷ ಕಾಯ್ತಾರೆ. ನಿಮಗೆ ಇವತ್ತು ರಾತ್ರಿಯೇ ಅಂತ ಗಡುವು ಕೊಟ್ಟೋರು ಯಾರು?" ಅಂದೆ.

ಕನ್ನಡಕ ತೆಗೆದು ಒರೆಸುತ್ತಾ ಕೂತರು. ಆಮೇಲೆ ಮೆಲ್ಲಗೆ, "ಟೀಮಿಗೆ ಹೊಸದಾಗಿ ಬಂದ ಹುಡುಗ ಯಾವುದೋ ಕೋಡ್ ಲೈಬ್ರರಿ ಹೆಸರು ಹೇಳಿದ. ನನಗೆ ಗೊತ್ತಿರಲಿಲ್ಲ. ಎಲ್ಲರೂ ನನ್ನ ಕಡೆ ನೋಡಿದ್ರು."

ಅಲ್ಲಿತ್ತು ಗಂಟು. ನೋಡುತ್ತಿದ್ದದ್ದು ಲೇಖನಗಳಲ್ಲ, ಅಲ್ವಾ?

ಒಂದೇ ವಾರಪತ್ರಿಕೆ ಇಟ್ಟುಕೊಳ್ಳಿ, ಅದನ್ನೂ ಕೆಲಸದ ಹೊತ್ತಲ್ಲೇ ಓದಿ ಅಂದೆ. ತೆಗೆದಿಟ್ಟ ರಾಶಿಯನ್ನು ತೆರೆದು ನೋಡದೆ ಅಳಿಸಲು ಹೇಳಿದೆ. ಬೇಕಾದದ್ದು ಮತ್ತೆ ಕಣ್ಣಿಗೆ ಬಿದ್ದೇ ಬೀಳುತ್ತದೆ. ಕೊನೆಯದು ಅವರಿಗೆ ಕಷ್ಟದ್ದು: ಟೀಮಿನಲ್ಲಿ ವಾರಕ್ಕೊಮ್ಮೆಯಾದರೂ 'ನನಗೆ ಗೊತ್ತಿಲ್ಲ, ಹೇಳಿಕೊಡು' ಅನ್ನಬೇಕು.

ಸಹೋದ್ಯೋಗಿಯ ತಕರಾರು ಇದು: ದಿನಕ್ಕೊಂದು ಹೊಸತು ಬರುವ ಕೆಲಸದಲ್ಲಿ ಹೀಗೆ ಹೇಳಬಹುದೇ? ನಾಳೆ ಅವರ ಕೆಲಸ ಹೋದರೆ? ಹೋಗುವುದಿಲ್ಲ ಅಂತ ನಾನು ಭರವಸೆ ಕೊಟ್ಟಿಲ್ಲ. ಕಲಿಯಬೇಡಿ ಅಂತಲೂ ಹೇಳಿಲ್ಲ. ಆದರೆ ನಡುರಾತ್ರಿ ತಲೆಬರಹ ಸರಿಸುತ್ತಾ ಹೋಗುವುದನ್ನು ಕಲಿಕೆ ಅಂತ ಒಪ್ಪಲಾರೆ. ಬಾಗಿಲ ಚಿಲಕ ಹಾಕಿದೆನಾ ಅಂತ ಹತ್ತು ಸಲ ಎದ್ದು ನೋಡುವವರಿದ್ದಾರಲ್ಲ, ಅದಕ್ಕೆ ಹತ್ತಿರದ್ದು ಇದು. ನೋಡಿದ ಕೂಡಲೇ ಒಂದು ಗಳಿಗೆ ಸಮಾಧಾನ. ಆ ಸಮಾಧಾನವೇ ಮತ್ತೆ ಎಬ್ಬಿಸುತ್ತದೆ. ಪಟ್ಟಿಗೆ ಇನ್ನೊಂದು ಒಳ್ಳೆಯ ಪತ್ರಿಕೆ ಸೇರಿಸಿದರೆ ನೋಡಲು ಇನ್ನೊಂದು ಚಿಲಕ, ಅಷ್ಟೇ. ನಿದ್ದೆ ಸರಿಹೋಗದಿದ್ದರೆ ವೈದ್ಯರನ್ನು ಕಾಣಿ ಅಂತಲೂ ಹೇಳಿದ್ದೆ. ಅದರ ಅಗತ್ಯ ಬೀಳಲಿಲ್ಲ.

ರಾಶಿ ಅಳಿಸಲು ಮೂರು ವಾರ ಬೇಕಾಯಿತು. ನಡುವೆ ಎರಡು ನ್ಯೂಸ್‌ಲೆಟರ್‌ಗೆ ಗುಟ್ಟಾಗಿ ಮತ್ತೆ ಸೇರಿದ್ದರು, ತಾವಾಗಿಯೇ ಒಪ್ಪಿಕೊಂಡರು. ಆ ಹುಡುಗನನ್ನು ಕೇಳಿದಿರಾ ಅಂದೆ.

"ಕೇಳಿದೆ ಮೇಡಂ. ಅವನಿಗೂ ಹೆಸರಷ್ಟೇ ಗೊತ್ತಿತ್ತು. ಈಗ ಇಬ್ರೂ ಕೂತು ನೋಡ್ತಾ ಇದ್ದೀವಿ."